ನಾಳೆ ರಜೆಯಂತೆ, ಹೇಳಿದವರು ಯಾರು?

ನಮಸ್ಕಾರ. ಇವತ್ತು ಮಳೆ ರಜೆಯಿಂದ ಮಾತು ಶುರು ಮಾಡುತ್ತೇನೆ.

ಜುಲೈ ತಿಂಗಳು. ರಾತ್ರಿ ಒಂಬತ್ತೂವರೆ ಗಂಟೆ. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಹೆಂಚಿನ ಮೇಲೆ ಬೀಳುವ ಸದ್ದಿಗೆ ಟೀವಿ ಕೇಳುತ್ತಿರಲಿಲ್ಲ. ಕರೆಂಟ್ ಎರಡು ಸಲ ಹೋಗಿ ಬಂದಿತ್ತು. ಆಗ ಪಕ್ಕದ ಮನೆಯ ಅಕ್ಕ ಕೊಡೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಫೋನು. ‘ಅಣ್ಣ, ನಾಳೆ ರಜೆ ಉಂಟಾ? ಇದೊಮ್ಮೆ ನೋಡಿ, ಹೌದಾ ಇದು?’

ಅವರು ಗೇರುಬೀಜದ ಫ್ಯಾಕ್ಟರಿಗೆ ಹೋಗುವವರು. ಬೆಳಿಗ್ಗೆ ಏಳೂಕಾಲಿಗೆ ಮನೆ ಬಿಡಬೇಕು. ಮಗ ಮೂರನೇ ಕ್ಲಾಸು. ಶಾಲೆ ಇದ್ದರೆ ಮಧ್ಯಾಹ್ನದ ಊಟ ಅಲ್ಲೇ ಆಗುತ್ತದೆ, ಸಂಜೆವರೆಗೆ ಚಿಂತೆ ಇಲ್ಲ. ರಜೆ ಆದರೆ ಮಗುವನ್ನು ರಾತ್ರಿಯೇ ತಾಯಿ ಮನೆಗೆ ಬಿಟ್ಟು ಬರಬೇಕು. ಅದೂ ಆಗದಿದ್ದರೆ ಒಂದು ದಿನದ ಸಂಬಳ ಹೋಯಿತು. ಅವರು ಕೇಳಿದ್ದು ರಜೆಯನ್ನೇ ಆದರೂ ಅದರ ಹಿಂದೆ ಇದ್ದದ್ದು ಆ ದಿನದ ಸಂಬಳ.

ಫೋನಿನಲ್ಲಿ ಮೂರು ಆದೇಶ ಇತ್ತು. ಮೂರೂ ಫೋಟೋ. ಮೂರಕ್ಕೂ ಒಂದೇ ಲೆಟರ್‌ಹೆಡ್, ಒಂದೇ ಸಹಿ, ಒಂದೇ ಸೀಲು. ಒಂದರಲ್ಲಿ ಪಿಯುಸಿವರೆಗೆ ರಜೆ. ಇನ್ನೊಂದರಲ್ಲಿ ಡಿಗ್ರಿ ಕಾಲೇಜಿಗೂ ರಜೆ. ಮೂರನೆಯದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ತಾರೀಕಿನ ಜಾಗದಲ್ಲಿ ಅಕ್ಷರ ಸ್ವಲ್ಪ ದಪ್ಪ ಇತ್ತು. ಅದರ ಹಿಂದೆ ಒಂದು ಸಣ್ಣ ಬಿಳಿ ಚೌಕ. ತಾರೀಕೇನೋ ನಾಳೆಯದ್ದೇ. ಆದರೆ ಪಕ್ಕದಲ್ಲಿ ಮಂಗಳವಾರ ಅಂತ ಇತ್ತು. ನಾಳೆ ಗುರುವಾರ. ಹಳೆಯ ಆದೇಶಕ್ಕೆ ಯಾರೋ ಹೊಸ ತಾರೀಕು ಅಂಟಿಸಿದ್ದರು. ವಾರ ಬದಲಿಸಲು ಮರೆತಿದ್ದರು.

ಸರಿ, ಮೂರನೆಯದು ಸುಳ್ಳು. ಉಳಿದ ಎರಡರಲ್ಲಿ ಯಾವುದು ನಿಜ? ನನಗೆ ಗೊತ್ತಿದ್ದ ಒಬ್ಬ ಟೀಚರಿಗೆ ಫೋನ್ ಮಾಡಿದೆ, ಅವರೂ ಕಾಯುತ್ತಿದ್ದರು. ಪತ್ರಕರ್ತ ಗೆಳೆಯನ ಸ್ಟೇಟಸ್ ನೋಡಿದೆ. ಒಂದು ಅಧಿಕೃತ ಪೇಜಿಗೆ ಹೋದೆ, ಅಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಸನ್ಮಾನ ಸಮಾರಂಭದ ಫೋಟೋ. ಕೊನೆಗೆ ಟೀಚರೇ ವಾಪಸ್ ಫೋನ್ ಮಾಡಿ ರಜೆ ಇರುವುದು ಹೌದು ಅಂದರು. ಅಷ್ಟಕ್ಕೆ ಇಪ್ಪತ್ತೈದು ನಿಮಿಷ ಆಗಿತ್ತು. ಅಕ್ಕ ಅಷ್ಟೂ ಹೊತ್ತು ಜಗಲಿಯಲ್ಲೇ ಕೂತಿದ್ದರು.

ಬೇರೆ ಊರಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ದಕ್ಷಿಣ ಕನ್ನಡ, ಉಡುಪಿಯವರಿಗೆ ಗೊತ್ತು ಇದು ಎಷ್ಟು ದೊಡ್ಡದು ಅಂತ. ಜೂನ್ ತಿಂಗಳಿಂದ ಆಗಸ್ಟ್‌ವರೆಗೆ ಮನೆಮನೆಗೂ ಬೇಕಾದ ಸರಕಾರಿ ಕಾಗದ ಅಂದರೆ ಇದೇ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಡಿಸಿ ರಜೆ ಕೊಟ್ಟರಾ? ಕೆಲವೊಮ್ಮೆ ಆದೇಶ ರಾತ್ರಿ ಬರುತ್ತದೆ. ಕೆಲವೊಮ್ಮೆ ಮಕ್ಕಳು ರೈನ್‌ಕೋಟ್ ಹಾಕಿಕೊಂಡು ಬಸ್ ಸ್ಟಾಪಿನಲ್ಲಿ ನಿಂತ ಮೇಲೆ ಬರುತ್ತದೆ. ಒಮ್ಮೆ ಇಡೀ ಜಿಲ್ಲೆಗೆ, ಒಮ್ಮೆ ಒಂದೆರಡು ತಾಲೂಕಿಗೆ ಮಾತ್ರ. ಸುಳ್ಳು ಹುಟ್ಟಲು ಇದಕ್ಕಿಂತ ಹದವಾದ ನೆಲ ಬೇಕಾ?

ಸುಳ್ಳು ಆದೇಶ ಮಾಡಿದವನ ಮೇಲೆ ಕೇಸು ಹಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಾತ್ರಿ ನನ್ನನ್ನು ಕಾಡಿದ್ದು ಬೇರೆ. ನಿಜವಾದ ಆದೇಶವೂ ಇತ್ತಲ್ಲ? ಅದನ್ನು ನೋಡಲು ನಾನು ಎಲ್ಲಿಗೆ ಹೋಗಬೇಕಿತ್ತು? ‘ಇಲ್ಲಿದ್ದರೆ ಹೌದು, ಇಲ್ಲಿಲ್ಲದಿದ್ದರೆ ಸುಳ್ಳು’ ಅಂತ ಅಕ್ಕನಿಗೆ ತೋರಿಸಲು ನನ್ನ ಹತ್ತಿರ ಒಂದು ಜಾಗ ಇರಲಿಲ್ಲ.

ಒಂದು ಕಾಲದಲ್ಲಿ ಅಂಥ ಜಾಗ ಇತ್ತು. ನಮ್ಮ ಊರಿಗೆ ಈ ವಿಷಯದಲ್ಲಿ ದೊಡ್ಡ ಚರಿತ್ರೆಯೇ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಇಲ್ಲೇ, ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಅಚ್ಚಾಯಿತು. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಅದಕ್ಕಾಗಿಯೇ ಜುಲೈ 1 ನಮಗೆ ಪತ್ರಿಕಾ ದಿನ. ಆ ಪತ್ರಿಕೆಯಲ್ಲಿ ಊರ ವರ್ತಮಾನ ಇತ್ತು, ಕಥೆ ಇತ್ತು, ಆಶ್ಚರ್ಯದ ಸುದ್ದಿ ಇತ್ತು. ಅವುಗಳ ಜತೆ ‘ಸರಕಾರಿ ನಿರೂಪಗಳು’ ಅಂತ ಒಂದು ಭಾಗವೂ ಇತ್ತು. ನಿರೂಪ ಅಂದರೆ ಅಪ್ಪಣೆ, ಆದೇಶ. ಸರಕಾರ ಹೇಳಿದ್ದನ್ನು ಜನರಿಗೆ ಅರ್ಥವಾಗುವ ಭಾಷೆಯಲ್ಲಿ, ಎಲ್ಲರಿಗೂ ಗೊತ್ತಿರುವ ಒಂದು ಜಾಗದಲ್ಲಿ ಇಡಬೇಕು ಅಂತ 1843ರಲ್ಲೇ ಇಲ್ಲಿ ಒಬ್ಬರಿಗೆ ಹೊಳೆದಿತ್ತು.

ಅಜ್ಜಿ ಉಗ್ರಾಣಿಯ ಕಥೆ ಹೇಳುತ್ತಿದ್ದರು. ಪಟೇಲರ ಕಡೆಯಿಂದ ಉಗ್ರಾಣಿ ಬಂದು ಅಂಗಳದಲ್ಲಿ ನಿಂತು ಕಂದಾಯದ ವಿಷಯ ಹೇಳಿ ಹೋಗುತ್ತಿದ್ದರಂತೆ. ನಾವು ಸಣ್ಣವರಿದ್ದಾಗ ರಿಕ್ಷಾಕ್ಕೆ ಮೈಕ್ ಕಟ್ಟಿಕೊಂಡು ಬರುತ್ತಿದ್ದರು. ಪೋಲಿಯೋ ಹನಿ, ನೀರಿನ ಪೈಪು, ಎಲ್ಲವೂ ಅದರಲ್ಲೇ. ಅದರ ಹಿಂದೆ ಓಡಿದ್ದು ನನಗೆ ಈಗಲೂ ನೆನಪಿದೆ. ಬಂದರಿನಲ್ಲಿ ಬಿರುಗಾಳಿಯ ಸಂಕೇತ ಏರಿಸುತ್ತಿದ್ದರು. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ಇತ್ತು. ಪಂಚಾಯತ್ ಕಚೇರಿಯ ಗೋಡೆಯಲ್ಲಿ ನೋಟಿಸ್ ಬೋರ್ಡ್ ಇತ್ತು.

ಆ ಕಾಲವೇ ಚೆಂದ ಇತ್ತು ಅಂತ ನಾನು ಹೇಳಲಾರೆ. ಉಗ್ರಾಣಿ ಕೆಲವು ಮನೆಗಳ ಅಂಗಳಕ್ಕೆ ಹೋಗುತ್ತಿರಲಿಲ್ಲ, ದೂರದಿಂದಲೇ ಕೂಗಿ ಹೇಳುತ್ತಿದ್ದರು ಅಂತಲೂ ಅಜ್ಜಿಯೇ ಹೇಳಿದ್ದು. ಬೋರ್ಡಿನಲ್ಲಿ ಕಾಗದ ಅಂಟಿಸುವ ಹೊತ್ತಿಗೆ ಅರ್ಜಿಯ ಕೊನೆ ದಿನ ಮುಗಿದಿರುತ್ತಿತ್ತು. ಪಹಣಿ ಒಂದು ಬೇಕಾದರೆ ಎಷ್ಟು ಸಲ ಅಲೆಯಬೇಕಿತ್ತು, ಯಾರ ಕೈ ಬಿಸಿ ಮಾಡಬೇಕಿತ್ತು, ಹಿರಿಯರನ್ನು ಕೇಳಿ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಆರ್‌ಟಿಸಿ ಬಂತು. ನನ್ನ ಅಪ್ಪನ ಮಟ್ಟಿಗೆ ಅದು ಬಿಡುಗಡೆಯೇ. 2023ರಲ್ಲಿ ನಮ್ಮ ಫೋನುಗಳೆಲ್ಲ ಒಟ್ಟಿಗೆ ಜೋರಾಗಿ ಬೀಪ್ ಅಂದದ್ದು ನೆನಪಿದೆಯಾ? ಅದು ದೂರಸಂಪರ್ಕ ಇಲಾಖೆಯ ಪರೀಕ್ಷೆ. ತುರ್ತು ಎಚ್ಚರಿಕೆಯನ್ನು ಒಂದು ಪ್ರದೇಶದಲ್ಲಿರುವ ಎಲ್ಲ ಫೋನಿಗೂ ಒಮ್ಮೆಗೇ ಕಳಿಸುವ ವ್ಯವಸ್ಥೆ. ಮಲ್ಪೆಯ ದೋಣಿಯವರು ಇವತ್ತು ಕಡಲಿನ ಅಲೆ ಎಷ್ಟು ಏಳುತ್ತದೆ ಅಂತ ಫೋನಿನಲ್ಲೇ ನೋಡುತ್ತಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಆ ಮಾಹಿತಿ ಕೊಡುತ್ತದೆ. ಇದರಿಂದ ಜೀವ ಉಳಿಯುತ್ತದೆ. ನನಗೆ ಇದರ ಮೇಲೆ ತುಂಬಾ ಗೌರವ ಇದೆ.

ಹಾಗಾದರೆ ಕಳೆದುಹೋದದ್ದು ಎಂತ? ಹಳೆಯ ನೋಟಿಸಿಗೆ ಒಂದು ಜಾಗ ಇತ್ತು, ಅದರ ಪಕ್ಕ ಒಬ್ಬ ಮನುಷ್ಯ ಇದ್ದ. ಬೋರ್ಡಿನಲ್ಲಿ ಇಲ್ಲದ್ದು ಸರಕಾರದ ಮಾತಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಓದಿ ಅರ್ಥವಾಗದಿದ್ದರೆ ಒಳಗೆ ಕೂತಿದ್ದವರನ್ನು ಕೇಳಬಹುದಿತ್ತು. ಈಗ ಆದೇಶ ಅಂದರೆ ಊರು ಸುತ್ತುವ ಒಂದು ಫೋಟೋ. ಅದಕ್ಕೆ ಮನೆಯೂ ಇಲ್ಲ, ಉತ್ತರ ಕೊಡುವವರೂ ಇಲ್ಲ.

ವಾಟ್ಸಾಪ್‌ನವರು 2018ರಲ್ಲಿ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸಬಹುದು ಅಂತ ಮಾಡಿದರು. 2020ರಲ್ಲಿ, ತುಂಬಾ ಸುತ್ತಾಡಿದ ಮೆಸೇಜನ್ನು ಒಮ್ಮೆಗೆ ಒಂದೇ ಕಡೆ ಅಂದರು. ಅಂಥದ್ದರ ಮೇಲೆ ಎರಡು ಬಾಣದ ಗುರುತು ಬರುತ್ತದೆ. ಹುಷಾರು, ಇದು ಎಲ್ಲಿಂದಲೋ ಬಂದದ್ದು ಅಂತ ಅದರ ಅರ್ಥ. ಆ ರಾತ್ರಿ ಅಕ್ಕನ ಫೋನಿನಲ್ಲಿ ನಿಜವಾದ ಆದೇಶದ ಮೇಲೂ ಅದೇ ಎರಡು ಬಾಣ ಇತ್ತು. ಸುಳ್ಳಿನ ಮೇಲೂ ಇತ್ತು. ಸರಕಾರ ತನ್ನ ಮಾತನ್ನು ಫಾರ್ವರ್ಡ್ ಆಗಲು ಬಿಟ್ಟರೆ, ಆ ಮಾತು ಜನರ ಕೈಗೆ ಬರುವಾಗ ಗಾಳಿಸುದ್ದಿಯ ಅಂಗಿ ಹಾಕಿಕೊಂಡೇ ಬರುತ್ತದೆ.

ಇನ್ನೊಂದು ನೋಡಿ. ನನ್ನ ಗೆಳೆಯನೊಬ್ಬನಿಗೆ ಕಣ್ಣು ಕಾಣುವುದಿಲ್ಲ. ಅವನ ಫೋನು ಬಂದ ಮೆಸೇಜನ್ನೆಲ್ಲ ಓದಿ ಹೇಳುತ್ತದೆ. ಮದುವೆ ಆಮಂತ್ರಣ, ಬ್ಯಾಂಕಿನ ಮೆಸೇಜು, ನಾನು ಕಳಿಸುವ ಹರಟೆ, ಎಲ್ಲವನ್ನೂ ಓದುತ್ತದೆ. ಸರಕಾರಿ ಆದೇಶದ ಫೋಟೋ ಬಂದರೆ ಮಾತ್ರ ‘ಚಿತ್ರ’ ಅಂತ ಹೇಳಿ ಸುಮ್ಮನಾಗುತ್ತದೆ. ಆದೇಶವನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡಿರುತ್ತಾರೆ. ಆಮೇಲೆ ಪ್ರಿಂಟ್ ತೆಗೆದು, ಸಹಿ ಹಾಕಿ, ಅದರ ಫೋಟೋ ಹೊಡೆದು ಗ್ರೂಪಿಗೆ ಹಾಕುತ್ತಾರೆ. ಓದಬಹುದಾದದ್ದನ್ನು ನಾವೇ ಓದಲಾಗದಂತೆ ಮಾಡಿ ಕಳಿಸುತ್ತಿದ್ದೇವೆ. ಫೋಟೋದ ಕೆಳಗೆ ನಾಲ್ಕು ಸಾಲು ಟೈಪ್ ಮಾಡಿದರೆ ಸಾಕು, ನನ್ನ ಗೆಳೆಯನಿಗೆ ಯಾರನ್ನೂ ಕೇಳುವ ಅಗತ್ಯ ಇರುವುದಿಲ್ಲ.

ನಾವಿರುವುದು ಪೇಟೆಯ ಹೊರಗೆ, ಒಂದು ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ. ಹೋದ ಸಲದ ಗ್ರಾಮಸಭೆ ನನಗೆ ತಪ್ಪಿತು. ಗೊತ್ತೇ ಆಗಲಿಲ್ಲ. ನಮ್ಮ ರಸ್ತೆಯ ಚರಂಡಿ ಪ್ರತಿ ಮಳೆಗಾಲ ಉಕ್ಕಿ ಅಂಗಳಕ್ಕೆ ಬರುತ್ತದೆ. ಅದನ್ನು ಅಲ್ಲಿ ಹೇಳಬೇಕು ಅಂತ ಕಾಯುತ್ತಿದ್ದೆ. ಕಚೇರಿಗೆ ಹೋಗಿ ಕೇಳಿದೆ. ‘ಗ್ರೂಪಲ್ಲಿ ಹಾಕಿದ್ದೇವಲ್ಲ, ನೀವು ನೋಡಲಿಲ್ವಾ?’ ಅಂದರು. ಹೇಳಿದವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆಲಸ ಮುಗಿಸಿದ್ದೇವೆ ಅಂತ ಅವರು ನಿಜವಾಗಿಯೂ ನಂಬಿದ್ದರು.

ಯಾವ ಗ್ರೂಪು? ವಾರ್ಡಿನ ಗ್ರೂಪು. ಅದರ ಅಡ್ಮಿನ್ ಯಾರು? ಊರಿನ ಒಬ್ಬ ಖಾಸಗಿ ವ್ಯಕ್ತಿ. ಅವರಿಗೆ ಬೇಕಾದವರನ್ನು ಸೇರಿಸಬಹುದು, ಬೇಡದವರನ್ನು ತೆಗೆಯಬಹುದು. ನಾನು ಅದರಲ್ಲಿ ಇರಲಿಲ್ಲ. ಪಕ್ಕದ ಮನೆ ಅಕ್ಕ ಇರಲಿಲ್ಲ. ರಸ್ತೆಯಾಚೆಗಿನ ಬಾಡಿಗೆ ಮನೆಗಳವರು ಒಬ್ಬರೂ ಇರಲಿಲ್ಲ. ಗ್ರಾಮಸಭೆ ಅಂದರೆ ಊರಿನ ಪ್ರತಿ ಮತದಾರರ ಸಭೆ. ಅದರ ಕರೆಯೋಲೆ ಒಬ್ಬರ ಫೋನಿನೊಳಗೆ ಇರುವುದು ಸರಿಯಾ?

ಹೊರಗೆ ಬರುವಾಗ ಗೋಡೆಯ ನೋಟಿಸ್ ಬೋರ್ಡ್ ನೋಡಿದೆ. ಗಾಜಿನ ಬಾಗಿಲು, ಸಣ್ಣ ಬೀಗ. ಬೀಗಕ್ಕೆ ತುಕ್ಕು ಹಿಡಿದಿತ್ತು. ಗಾಜಿನ ಒಳಗೆ ಮಳೆನೀರು ಇಳಿದು ಒಂದು ಹಳೆಯ ಪೋಸ್ಟರಿನ ಕೆಂಪು ಬಣ್ಣ ಹರಡಿಕೊಂಡಿತ್ತು. ಕೀ ಯಾರ ಹತ್ತಿರ ಅಂತ ಕೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಅಂದರೆ ಅರ್ಜಿ ಹಾಕಿ ಕೇಳುವುದು ಅಂತ ನಾವು ತಿಳಿದುಕೊಂಡಿದ್ದೇವೆ. ಅದರ 4ನೇ ಸೆಕ್ಷನ್ ಓದಿ. ಜನ ಕೇಳುವ ಮೊದಲೇ ಮಾಹಿತಿಯನ್ನು ತಾನಾಗಿ ಹೊರಗಿಡಬೇಕು ಅಂತ ಅದು ಕಚೇರಿಗಳಿಗೆ ಹೇಳುತ್ತದೆ. ಹೇಗೆ ಇಡಬೇಕು ಅಂತಲೂ ಹೇಳುತ್ತದೆ. ಖರ್ಚು ನೋಡಿ, ಸ್ಥಳೀಯ ಭಾಷೆ ನೋಡಿ, ಆ ಪ್ರದೇಶದಲ್ಲಿ ಯಾವ ದಾರಿ ಜನರನ್ನು ಚೆನ್ನಾಗಿ ಮುಟ್ಟುತ್ತದೋ ಅದನ್ನು ನೋಡಿ. ನೋಟಿಸ್ ಬೋರ್ಡ್, ಪತ್ರಿಕೆ, ಸಾರ್ವಜನಿಕ ಪ್ರಕಟಣೆ, ಪ್ರಸಾರ ಮಾಧ್ಯಮ, ಇಂಟರ್ನೆಟ್, ಇಷ್ಟನ್ನೂ ಒಟ್ಟಿಗೆ ಹೆಸರಿಸುತ್ತದೆ. ಇಂಟರ್ನೆಟ್ ಬಂತು ಅಂತ ಬೋರ್ಡಿಗೆ ಬೀಗ ಹಾಕಿ ಅಂತ ಎಲ್ಲೂ ಹೇಳಿಲ್ಲ.

ಸ್ಥಳೀಯ ಭಾಷೆ ಅಂದೆನಲ್ಲ. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಅಂದವರು 18 ಲಕ್ಷಕ್ಕಿಂತ ಜಾಸ್ತಿ. ಜತೆಗೆ ಬ್ಯಾರಿ ಮಾತಾಡುವವರಿದ್ದಾರೆ, ಕೊಂಕಣಿಯವರಿದ್ದಾರೆ, ಕುಂದಾಪುರ ಕಡೆಯ ಕನ್ನಡವೇ ಬೇರೆ. ಆಫೀಸಿನ ಕನ್ನಡ ಇವರಲ್ಲಿ ಯಾರ ಮನೆಯ ಮಾತೂ ಅಲ್ಲ. ‘ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ’ ಅಂತ ಶುರುವಾಗುವ ಕಾಗದದಲ್ಲಿ ವಿಷಯ ಬರುವುದು ಆರನೇ ಸಾಲಿನಲ್ಲಿ. ಅದೇ ವಿಷಯವನ್ನು ಅರ್ಧ ನಿಮಿಷ ತುಳುವಿನಲ್ಲಿ ಹೇಳಿ ರೆಕಾರ್ಡ್ ಮಾಡಿದರೆ? ‘ಎಲ್ಲೆ ಶಾಲೆಗ್ ರಜೆ ಉಂಡು’ ಅಂದರೆ ಓದಲು ಬಾರದ ಅಜ್ಜಿಗೂ ಗೊತ್ತಾಗುತ್ತದೆ. ಇದು ಆಗದ ಮಾತೇನೂ ಅಲ್ಲ. ಮಂಗಳೂರಿನ ಸಮುದಾಯ ಬಾನುಲಿ ಸಾರಂಗ್ ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕರಲ್ಲೂ ಮಾತಾಡುತ್ತದೆ. 2024ರಲ್ಲಿ ಗೂಗಲ್ ಅನುವಾದಕ್ಕೂ ತುಳು ಬಂತು. ಗೂಗಲ್ಲಿಗೆ ಬೇಕಾದ ತುಳು ನಮ್ಮ ಕಚೇರಿಗಳಿಗೆ ಬೇಡವಾ?

ಈಗ ಹೇಳುವುದು ಸ್ವಲ್ಪ ಭಾರದ ವಿಷಯ. 2019ರ ಡಿಸೆಂಬರ್ 19. ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆ, ಪೊಲೀಸ್ ಗೋಲಿಬಾರ್, ಇಬ್ಬರ ಸಾವು, ಕರ್ಫ್ಯೂ. ಆ ರಾತ್ರಿ ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದರು. ವದಂತಿ ತಡೆಯಲು ಅಂತ ಕಾರಣ. ನಾನು ಮನೆಯಲ್ಲಿದ್ದೆ. ಸುಳ್ಳು ಸುದ್ದಿ ನಿಂತಿತೋ ಇಲ್ಲವೋ, ನಿಜ ಸುದ್ದಿಯಂತೂ ನಿಂತಿತು. ಯಾವ ರಸ್ತೆ ತೆರೆದಿದೆ, ಅಂಗಡಿ ಯಾವಾಗ ತೆರೆಯುತ್ತದೆ, ಪೇಟೆಯಲ್ಲಿ ಕೆಲಸಕ್ಕೆ ಹೋದ ತಮ್ಮ ಎಲ್ಲಿದ್ದಾನೆ, ಒಂದೂ ಗೊತ್ತಾಗುತ್ತಿರಲಿಲ್ಲ. ಸರಕಾರದ ಮಾತನ್ನೆಲ್ಲ ಫೋನಿನೊಳಗೆ ಇಟ್ಟು, ಆಮೇಲೆ ಫೋನಿನ ದಾರಿಯನ್ನೇ ಮುಚ್ಚಿದರೆ ಜನ ಯಾವ ಕಡೆ ನೋಡಬೇಕು? ಮೂರು ವಾರದ ನಂತರ, 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಕಾಶ್ಮೀರದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಇಂಟರ್ನೆಟ್ ನಿಲ್ಲಿಸುವ ಆದೇಶವನ್ನು ಬಹಿರಂಗವಾಗಿ ಪ್ರಕಟಿಸಬೇಕು, ಅದನ್ನು ಪ್ರಶ್ನಿಸಲು ಜನರಿಗೆ ಅವಕಾಶ ಇರಬೇಕು ಅಂದಿತು. ಬಾಯಿ ಮುಚ್ಚಿಸುವ ಆದೇಶಕ್ಕೂ ಒಂದು ಬೋರ್ಡ್ ಬೇಕು ಅಂತ ದೇಶದ ದೊಡ್ಡ ಕೋರ್ಟೇ ಹೇಳಿದ ಹಾಗಾಯಿತು.

ಸುಳ್ಳನ್ನು ತಡೆಯಲು ಸರಕಾರಕ್ಕೆ ಇನ್ನೊಂದು ದಾರಿ ಕಂಡಿತ್ತು. 2023ರಲ್ಲಿ ಕೇಂದ್ರ ಸರಕಾರ ಐಟಿ ನಿಯಮಗಳಿಗೆ ತಿದ್ದುಪಡಿ ತಂದಿತು. ತನ್ನ ಬಗ್ಗೆ ಬರುವ ಸುದ್ದಿಯಲ್ಲಿ ಯಾವುದು ಸುಳ್ಳು ಅಂತ ತನ್ನದೇ ಘಟಕ ತೀರ್ಮಾನ ಮಾಡುತ್ತದೆ ಅಂತ. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ. ತನ್ನ ಪರೀಕ್ಷೆಯ ಪೇಪರನ್ನು ತಾನೇ ತಿದ್ದುವುದು ಯಾರಿಗೂ ಒಳ್ಳೆಯದಲ್ಲ. ಸುಳ್ಳಿನ ಮೇಲೆ ಸೀಲು ಹೊಡೆಯುವುದಕ್ಕಿಂತ, ನಿಜವನ್ನು ಎಲ್ಲರಿಗೂ ಕಾಣುವ ಕಡೆ ಇಟ್ಟರೆ ಆಯಿತು. ಅಕ್ಕನಿಗೆ ಆ ರಾತ್ರಿ ಬೇಕಾಗಿದ್ದದ್ದು ಅಷ್ಟೇ.

ಒಂದು ಆದೇಶ ಹೊರಟರೆ ಅದಕ್ಕೆ ಒಂದು ನಂಬರ್, ಒಂದು ಕ್ಯೂಆರ್ ಕೋಡ್ ಇರಲಿ. ಸ್ಕ್ಯಾನ್ ಮಾಡಿದರೆ ಜಿಲ್ಲೆಯ ಅಧಿಕೃತ ವೆಬ್‌ಸೈಟಿನ ಒಂದೇ ಪುಟಕ್ಕೆ ಹೋಗಲಿ. ಆ ಪುಟದಲ್ಲಿ ಸನ್ಮಾನದ ಫೋಟೋ ಬೇಡ, ರೀಲ್ಸ್ ಬೇಡ. ಇವತ್ತಿನ ಆದೇಶ ಮೇಲೆ, ನಿನ್ನೆಯದ್ದು ಕೆಳಗೆ. ರದ್ದಾದದ್ದನ್ನು ಅಳಿಸದೆ ‘ರದ್ದು’ ಅಂತ ಬರೆದು ಅಲ್ಲೇ ಬಿಡಲಿ. ಅಧಿಕಾರಿ ವರ್ಗವಾಗಿ ಹೋದರೂ ಆ ಜಾಗ ಹೋಗಬಾರದು. ಕೆಲವು ಅಧಿಕಾರಿಗಳು ಸೋಶಿಯಲ್ ಮೀಡಿಯಾದಲ್ಲಿ ಜನರ ಜತೆ ಚೆನ್ನಾಗಿ ಮಾತಾಡುತ್ತಾರೆ, ಅದು ಸಂತೋಷವೇ. ಆದರೆ ಜನ ಆ ವ್ಯಕ್ತಿಯನ್ನು ಹುಡುಕಿಕೊಂಡು ಹೋಗುವ ಅಭ್ಯಾಸ ಆದರೆ, ಅವರು ಹೋದ ದಿನ ಮತ್ತೆ ಕತ್ತಲು.

ಮತ್ತೆ ಉತ್ತರ. ರಜೆಯ ಪೋಸ್ಟಿನ ಕೆಳಗೆ ಜನ ಕೇಳುವುದನ್ನು ಓದಿ ನೋಡಿ. ಅಂಗನವಾಡಿಗೂ ರಜೆಯಾ? ಐಟಿಐಗೆ? ನಮ್ಮ ತಾಲೂಕು ಇದರಲ್ಲಿ ಬರುತ್ತದಾ? ನಾಳೆ ಪರೀಕ್ಷೆ ಇತ್ತು, ಅದು ಯಾವಾಗ? ಒಳ್ಳೆಯ ಪ್ರಶ್ನೆಗಳು, ಮನೆಯ ಪ್ರಶ್ನೆಗಳು. ಉತ್ತರ ಕೊಡುವುದು ಯಾರೋ ಅಪರಿಚಿತ, ಅದೂ ಊಹೆಯಿಂದ. ಕೌಂಟರಿನಲ್ಲಿ ಹತ್ತು ಜನ ಇದೇ ಪ್ರಶ್ನೆ ಕೇಳಿದ್ದರೆ ಗುಮಾಸ್ತರು ಸುಮ್ನೆ ಕೂರುತ್ತಿರಲಿಲ್ಲ ಅಲ್ವಾ? ಫೋನಿನಲ್ಲಿ ಕೇಳಿದವರೂ ಕೌಂಟರಿಗೆ ಬಂದವರೇ. ಆ ಒಂದು ಗಂಟೆ ಉತ್ತರ ಕೊಡಲು ಒಬ್ಬರನ್ನು ಕೂರಿಸಿ. ಅದಕ್ಕೆ ಒಂದು ಹುದ್ದೆ, ಒಂದು ಕುರ್ಚಿ, ಒಂದು ಸಂಬಳ ಕೊಡಿ.

ನಾನು ಪಂಚಾಯತಿಗೆ ಒಂದು ಅರ್ಜಿ ಕೊಟ್ಟಿದ್ದೇನೆ. ಎರಡೇ ವಿಷಯ. ಗ್ರಾಮಸಭೆಯ ನೋಟಿಸನ್ನು ಬೋರ್ಡಿನಲ್ಲಿ ಹಾಕಬೇಕು, ಅಂಗನವಾಡಿ ಮತ್ತು ರೇಷನ್ ಅಂಗಡಿಯ ಗೋಡೆಯಲ್ಲೂ ಹಾಕಬೇಕು. ಗ್ರೂಪಿಗೆ ಹಾಕುವಾಗ ಫೋಟೋದ ಜತೆ ಟೈಪ್ ಮಾಡಿದ ನಾಲ್ಕು ಸಾಲು, ತುಳುವಿನಲ್ಲಿ ಒಂದು ವಾಯ್ಸ್ ಮೆಸೇಜ್ ಇರಬೇಕು. ಪಕ್ಕದ ಮನೆ ಅಕ್ಕ ಓದಿ, ಬ್ಯಾರಿಯಲ್ಲೂ ಇರಲಿ ಅಂತ ಒಂದು ಸಾಲು ಸೇರಿಸಿ ಸಹಿ ಹಾಕಿದರು. ಬಾಡಿಗೆ ಮನೆಗಳಿಂದ ಏಳು ಸಹಿ ಬಂತು. ನನ್ನ ಗೆಳೆಯ ಹೆಬ್ಬೆಟ್ಟು ಒತ್ತಿದ. ಸ್ವೀಕೃತಿ ಪತ್ರ ಕೈಯಲ್ಲಿದೆ, ಸೀಲು, ತಾರೀಕು ಎಲ್ಲ ಸರಿಯಾಗಿದೆ. ಮುಂದಿನ ಸೋಮವಾರ ಹೋಗಿ ಬೋರ್ಡಿನ ಕೀ ಸಿಕ್ಕಿತಾ ಅಂತ ಕೇಳುತ್ತೇನೆ.